ಆರು ವರ್ಷದ ಹಿಂದಿನ ಎಕ್ಸ್-ರೇ

ನನಗೆ ಕಾಯುವುದು ಬರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಕಾವಲಿಗೆ ನಿಲ್ಲಿಸಿದರೆ ಉಕ್ಕಿಸಿಯೇ ಬಿಡುತ್ತೇನೆ ಎಂದು ಹೆಂಡತಿಗೆ ಗೊತ್ತು, ಅದಕ್ಕೇ ನಿಲ್ಲಿಸುವುದಿಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ನಡೆದೇ ಹೊರಡುವವನು ನಾನು. ಅರ್ಧ ದಾರಿಯಲ್ಲಿ ಅದೇ ಬಸ್ಸು ಧೂಳೆಬ್ಬಿಸಿಕೊಂಡು ನನ್ನನ್ನು ದಾಟಿ ಹೋಗುತ್ತದೆ. ಇಂಥವನ ಪಾಲಿಗೆ ಬಂದಿರುವ ಕೆಲಸವೋ, ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುವುದನ್ನು ನೋಡುತ್ತ ಕೂರುವುದು.

ಅಣ್ಣಿಗೇರಿ ತಾಲ್ಲೂಕಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನೊಬ್ಬನೇ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನಾನು, ಇಂಟರ್ನೆಟ್ ನಿಂತರೂ ನಾನು, ಮ್ಯಾನೇಜರರ ಮೊಬೈಲಿನಲ್ಲಿ ಮೊಮ್ಮಗಳ ವಿಡಿಯೊ ತೆರೆಯದಿದ್ದರೂ ನಾನು. ಇವೆಲ್ಲದರ ನಡುವೆ ನನ್ನ ನಿಜವಾದ ಹೊಣೆ ಒಂದಿತ್ತು. ಅದು ಬ್ಯಾಕಪ್. ಆಸ್ಪತ್ರೆಯ ಕಂಪ್ಯೂಟರು ಸುಟ್ಟುಹೋದರೂ ದಾಖಲೆಗಳ ಇನ್ನೊಂದು ಪ್ರತಿ ಎಲ್ಲೋ ಭದ್ರವಾಗಿರಬೇಕು ಎಂಬುದಕ್ಕಾಗಿ ಇಟ್ಟ ಸಾಫ್ಟ್‌ವೇರು ಅದು. ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಎರಡು ವರ್ಷಕ್ಕಿಂತ ಹಳೆಯದಾದ ಎಕ್ಸ್-ರೇ ಚಿತ್ರಗಳನ್ನು ಅದು ತಾನೇ ಕಂಪ್ಯೂಟರಿನಿಂದ ತೆಗೆದು ಟೇಪಿಗೆ ಸಾಗಿಸುತ್ತಿತ್ತು, ಯಾವ ಚಿತ್ರ ಯಾವ ಟೇಪಿನಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ತನ್ನ ಬಳಿ ಇಟ್ಟುಕೊಳ್ಳುತ್ತಿತ್ತು.

ಟೇಪು ಅಂದರೆ ಹಳೆಯ ಕಾಲದ ಹಾಡಿನ ಕ್ಯಾಸೆಟ್ಟಿಗಿಂತ ದಪ್ಪಗಿನ, ಅಂಗೈಯಗಲದ ಡಬ್ಬಿ. ಅಂಥ ಎಂಟು ಡಬ್ಬಿಗಳು ಒಂದು ಪೆಟ್ಟಿಗೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. ಹಳೆಯ ಚಿತ್ರವೊಂದು ಬೇಕೆಂದು ಕೇಳಿದರೆ ಪೆಟ್ಟಿಗೆಯೊಳಗಿನ ಯಂತ್ರವೇ ಸರಿಯಾದ ಟೇಪನ್ನು ಎತ್ತಿ, ಓದುವ ಬಾಯಿಗೆ ಇಟ್ಟು, ಚಿತ್ರವನ್ನು ತಂದುಕೊಡಬೇಕು. ಹುಬ್ಬಳ್ಳಿಯಲ್ಲಿ ಯಾರೋ ಹೊಸದು ಕೊಂಡು ಹಳೆಯದನ್ನು ನಮಗೆ ದಾನ ಕೊಟ್ಟಿದ್ದರು. ದಾನದ ಆಕಳ ಹಲ್ಲು ಎಣಿಸಬಾರದು ಎಂದು ನಾವೂ ಸುಮ್ಮನೆ ಇಟ್ಟುಕೊಂಡಿದ್ದೆವು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಹಳೆಯದಕ್ಕೆ ಇನ್ನು ಮುಂದೆ ನಾವು ಜವಾಬ್ದಾರರಲ್ಲ ಎಂದು ಕಂಪನಿಯವರು ಪತ್ರ ಬರೆದಿದ್ದರು. ಒಂದು ಭಾನುವಾರ ಕೂತು ಹೊಸದನ್ನು ಏರಿಸಿದೆ. ಜೊತೆಗೆ ಬಂದ ಕೈಪಿಡಿಯಲ್ಲಿ, ಏರಿಸಿದ ಮೇಲೆ ಹಳೆಯ ಟೇಪಿನಿಂದ ಒಂದಾದರೂ ಕಡತವನ್ನು ಮರಳಿ ತೆಗೆದು ನೋಡಿ ಎಂದು ದಪ್ಪಕ್ಷರದಲ್ಲೇ ಬರೆದಿತ್ತು. ನಾನು ಓದಿದೆ. ಓದಿ ಮುಂದಿನ ಪುಟಕ್ಕೆ ಹೋದೆ. ಮನೆಯಲ್ಲಿ ಹೋಳಿಗೆ ಮಾಡಿದ್ದರು, ಫೋನು ಎರಡು ಸಲ ಬಂದಿತ್ತು.

ಅದಾದ ಮೇಲೆ ದಿನಾ ಬೆಳಿಗ್ಗೆ ಹಸಿರು ಅಕ್ಷರದ ಮೇಲ್ ಬರುತ್ತಿತ್ತು: ನಿನ್ನೆಯ ಬ್ಯಾಕಪ್ ಯಶಸ್ವಿ. ಅದನ್ನು ಹಾಗೇ ಮ್ಯಾನೇಜರರಿಗೆ ಕಳಿಸುತ್ತಿದ್ದೆ. ಅವರು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಹೀಗೆ ಮೂರು ವಾರ ಇಬ್ಬರೂ ಸುಖವಾಗಿದ್ದೆವು.

ಹಿಂಗಾರಿ ಕಡಲೆ ಮೊಣಕಾಲೆತ್ತರ ಬಂದ ದಿನಗಳು. ಒಂದು ಸೋಮವಾರ ಡಾಕ್ಟರಮ್ಮ ನನ್ನನ್ನು ಕರೆಸಿದರು. ಅವರ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ನವಲಗುಂದದವರು, ಜಮಖಾನ ನೇಯುವವರು. ಮಳೆಗಾಲದಿಂದ ಕೆಮ್ಮು ಬಿಟ್ಟಿರಲಿಲ್ಲವಂತೆ. ಅಂದಿನ ಎಕ್ಸ್-ರೇಯಲ್ಲಿ ಬಲಗಡೆಯ ಪುಪ್ಪುಸದ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ಬಿಳಿಯ ಕಲೆ ಕಂಡಿತ್ತು.

ಡಾಕ್ಟರಮ್ಮ ಸುತ್ತುಬಳಸಿ ಮಾತಾಡುವವರಲ್ಲ. ಆ ಹೆಂಗಸಿನ ಮುಂದೆಯೇ ನನಗೆ ವಿವರಿಸಿದರು. ಅವರಿಗೆ ಚಿಕ್ಕಂದಿನಲ್ಲಿ ಕ್ಷಯ ಬಂದು ವಾಸಿಯಾಗಿತ್ತು, ಈ ಕಲೆ ಅದರದೇ ಗಾಯದ ಗುರುತು ಇರಬಹುದು. ಇಲ್ಲದಿದ್ದರೆ ಹೊಸದಾಗಿ ಬೆಳೆಯುತ್ತಿರುವ ಗಂಟೂ ಇರಬಹುದು. ಆರು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವರ ಎದೆಯ ಎಕ್ಸ್-ರೇ ತೆಗೆದಿತ್ತು. ಆಗಲೂ ಕಲೆ ಇಷ್ಟೇ ಇದ್ದಿದ್ದರೆ ಚಿಂತೆ ಬೇಡ, ಕೆಮ್ಮಿನ ಔಷಧಿ ಕೊಟ್ಟು ಕಳಿಸಬಹುದು. ಆಗ ಇರಲಿಲ್ಲ ಎಂದಾದರೆ ಮುಂದಿನ ವಾರದ ಮಂಗಳವಾರ ಹುಬ್ಬಳ್ಳಿಗೆ ಹೋಗಿ, ಎದೆಗೆ ಸೂಜಿ ಹಾಕಿ ತುಣುಕು ತೆಗೆಸಿ ಪರೀಕ್ಷೆ ಮಾಡಿಸಬೇಕು.

ಹಳೆಯ ಫಿಲ್ಮು ಮನೆಯಲ್ಲಿಲ್ಲವೇ ಎಂದು ನಾನು ಕೇಳಿದೆ. ಇತ್ತಂತೆ. ಸೂರ್ಯಗ್ರಹಣ ಬಂದಾಗ ಓಣಿಯ ಹುಡುಗರು ಅದನ್ನು ಕತ್ತರಿಸಿ ತುಂಡು ತುಂಡು ಹಂಚಿಕೊಂಡು, ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡಿದ್ದರು. ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಅಂಥ ಫಿಲ್ಮಿನಿಂದ ನೋಡಿದರೆ ಕಣ್ಣು ಹೋಗುತ್ತದೆ ಎಂದು ಬೈದದ್ದು ಆ ಹೆಂಗಸಿಗೋ ನನಗೋ ತಿಳಿಯಲಿಲ್ಲ.

ನಾನು ಉದಾರವಾಗಿ ಹೇಳಿದೆ, "ಚಾಚಿ, ಹೊರಗ ಕುಂದರ್ರಿ. ಹತ್ತ ನಿಮಿಷದಾಗ ತಗದ ಕೊಡ್ತೇನಿ."

ಹತ್ತು ನಿಮಿಷ ಐದು ದಿನವಾಯಿತು.

ಅವರ ಹೆಸರು ಹುಡುಕಿದರೆ ಪಟ್ಟಿಯಲ್ಲಿ ಚಿತ್ರ ಇತ್ತು. ನಾಲ್ಕನೆಯ ಟೇಪಿನಲ್ಲಿದೆ ಎಂದೂ ಬರೆದಿತ್ತು. ತೆಗೆ ಎಂದರೆ ಕೆಂಪು ಅಕ್ಷರ: ನಾಲ್ಕನೆಯ ಟೇಪು ಸಿಗುತ್ತಿಲ್ಲ, ದಯವಿಟ್ಟು ಹಾಕಿ. ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಿದೆ, ಡಬ್ಬಿಗಳ ಬೆನ್ನಷ್ಟೇ ಕಾಣುತ್ತಿತ್ತು. ಎಂಟೂ ಮನೆ ತುಂಬಿದ್ದವು, ನಾಲ್ಕನೆಯದು ನಾಲ್ಕನೆಯ ಮನೆಯಲ್ಲೇ ಕೂತಿತ್ತು. ಮತ್ತೆ ತೆಗೆ ಎಂದೆ. ಮತ್ತೆ ದಯವಿಟ್ಟು ಹಾಕಿ. ಎದುರಿಗೆ ಮನುಷ್ಯನಿದ್ದಿದ್ದರೆ ಕೈ ಕೈ ಮಿಲಾಯಿಸುತ್ತಿದ್ದೆ. ಎಲ್ಲ ಆರಿಸಿ ಮತ್ತೆ ಚಾಲೂ ಮಾಡಿದೆ. ವೈರು ಕಿತ್ತು ಹಾಕಿದೆ. ಬೇರೆ ಯಾರದೋ ಹಳೆಯ ಚಿತ್ರ ಕೇಳಿ ನೋಡಿದೆ, ಅದೂ ಇಲ್ಲ. ಮೊದಲಿನ ಏಳು ಟೇಪುಗಳಲ್ಲಿ ಒಂದನ್ನೂ ಅದು ಗುರುತಿಸುತ್ತಿರಲಿಲ್ಲ. ಗುರುತಿಸುತ್ತಿದ್ದದ್ದು ಎಂಟನೆಯದನ್ನು ಮಾತ್ರ. ಅದು ಹೊಸ ಆವೃತ್ತಿ ಏರಿಸಿದ ದಿನ ನಾನು ಹಾಕಿದ ಹೊಸ ಟೇಪು. ದಿನಾ ಬೆಳಗಿನ ಹಸಿರು ಅಕ್ಷರ ಬರುತ್ತಿದ್ದದ್ದು ಅದರ ಪುಣ್ಯದಿಂದ.

ಆರು ವರ್ಷದ ಚಿತ್ರಗಳು, ಸಾವಿರಗಟ್ಟಲೆ ಜನರ ಎದೆ, ಮೊಣಕಾಲು, ಸೊಂಟ. ಎಲ್ಲ ಭದ್ರವಾಗಿದೆ ಎಂದು ದಿನಾ ಸಹಿ ಹಾಕಿದವನು ನಾನು. ಇಟ್ಟಿದ್ದೇನೆ ಎಂದು ಹೇಳುವುದನ್ನಷ್ಟೇ ಮಾಡಿಕೊಂಡು ಬಂದಿದ್ದೆ, ತೆಗೆದು ನೋಡಿರಲಿಲ್ಲ.

ಹೊರಗೆ ಬಂದು ಚಾಚಿಗೆ ಮಷೀನ್ ಕೆಟ್ಟಿದೆ, ನಾಳೆ ಬನ್ನಿ ಎಂದೆ. ಅವರು ಸೆರಗು ಸರಿಪಡಿಸಿಕೊಂಡು ಎದ್ದು ಹೋದರು.

ಹಳೆಯ ಆವೃತ್ತಿಗೇ ಮರಳಿಬಿಡೋಣ ಎಂದು ಮಂಗಳವಾರ ಹೊಳೆಯಿತು. ಅದಕ್ಕೆ ಹಳೆಯ ಪಟ್ಟಿಯ ಪ್ರತಿ ಬೇಕಿತ್ತು. ಎಲ್ಲಿಟ್ಟಿದ್ದೇನೆ ಎಂದು ನೋಡಿದರೆ, ಜಾಣತನದಿಂದ, ಆರನೆಯ ಟೇಪಿನಲ್ಲಿ. ಕೀಲಿಕೈಯನ್ನು ಟ್ರಂಕಿನೊಳಗೇ ಇಟ್ಟು ಬೀಗ ಒತ್ತಿದವನ ಸ್ಥಿತಿ. ಎಕ್ಸ್-ರೇ ತೆಗೆಯುವ ಕಾಕಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಆಸ್ಪತ್ರೆ ತೆರೆದ ದಿನದಿಂದ ಇದ್ದವರು, ನನ್ನ ಚಡಪಡಿಕೆಯನ್ನು ಸಿನಿಮಾದ ಹಾಗೆ ನೋಡುವವರು. ಎರಡು ದಿನದಲ್ಲಿ ನಾನು ನೆಲ ಸವೆಸಿದ್ದು ಸಾಕು, ಇನ್ನು ಕೂತುಕೊಂಡು ವಿಚಾರ ಮಾಡು ಎಂದು ಹೇಳಿ ಹೋದರು. ಕೂತುಕೊಂಡು ವಿಚಾರ ಮಾಡಲು ಬರುವವನಾಗಿದ್ದರೆ ನಾನು ಆ ಕೈಪಿಡಿಯ ದಪ್ಪಕ್ಷರವನ್ನು ದಾಟುತ್ತಲೇ ಇರಲಿಲ್ಲ.

ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಫೋನೆತ್ತಿದವನು ಯಾವ ಊರಿನವನೋ, ಹಿಂದಿ ಇಂಗ್ಲಿಷ್ ಬೆರೆಸಿ ಬಹಳ ಸಭ್ಯವಾಗಿ ಮಾತಾಡುತ್ತಿದ್ದ. ಅವನ ಸಭ್ಯತೆಯೇ ನನ್ನ ತಲೆ ಕೆಡಿಸಿತು. ಯಂತ್ರದ ದಿನಚರಿಯ ಕಡತಗಳನ್ನೆಲ್ಲ ಕಳಿಸಿ ಎಂದ. ನಮ್ಮ ಇಂಟರ್ನೆಟ್ಟಿನಲ್ಲಿ ಅವು ಹೋಗಿ ಮುಟ್ಟಲು ಮಧ್ಯಾಹ್ನದಿಂದ ಸಂಜೆಯಾಯಿತು. ಬುಧವಾರ ಅವನು, ಹೊಸ ಆವೃತ್ತಿ ಏರಿಸಿದ ಮೇಲೆ ಹಳೆಯ ಟೇಪಿನಿಂದ ಏನಾದರೂ ತೆಗೆದು ನೋಡಿದ್ದಿರಾ ಎಂದು ಕೇಳಿದ. ಸುಮ್ಮನೆ ಕೇಳಿದ ಪ್ರಶ್ನೆ, ಅವನ ಪ್ರಶ್ನಾವಳಿಯಲ್ಲಿದ್ದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸಿಡಿದೆದ್ದೆ. ನಿಮ್ಮ ಹೊಸ ಸಾಫ್ಟ್‌ವೇರೇ ಸರಿ ಇಲ್ಲ, ಹಳೆಯದು ಆರು ವರ್ಷ ಒಂದು ದಿನ ತಕರಾರು ಮಾಡಿರಲಿಲ್ಲ ಎಂದು ಕೂಗಾಡಿದೆ. ಅವನು ತೊಂದರೆಗೆ ಕ್ಷಮೆ ಕೇಳಿ, ಫೋನಿನಲ್ಲಿ ಹಾಡು ಹಾಕಿ ಎದ್ದು ಹೋದ.

ಚಾಚಿ ದಿನಾ ಬರುತ್ತಿದ್ದರು. ಮೊದಲ ಬಸ್ಸಿಗೆ ಬಂದು, ನನ್ನ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತು, ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬೆರಳ ತುದಿಗಳು ಸುಮ್ಮನಿರುತ್ತಿರಲಿಲ್ಲ, ಸೆರಗಿನ ಅಂಚಿನ ಎಳೆಗಳನ್ನು ಒಂದೊಂದಾಗಿ ಹಿಡಿದು ಬಿಡುತ್ತಿದ್ದವು. ನಾನು ಬಾಗಿಲು ತೆರೆದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಆ ನೋಟವನ್ನು ತಡೆಯಲಾಗದೆ ನಾನು ಬಾಗಿಲು ತೆರೆಯುವುದನ್ನೇ ಕಡಿಮೆ ಮಾಡಿದೆ. ಕಾಕಾನ ಕೋಣೆಯ ಮೂಲಕ ಹಿಂದಿನಿಂದ ಓಡಾಡತೊಡಗಿದೆ. ಬುಧವಾರ ಅವರಿಗೆ ಕ್ಯಾಂಟೀನಿನಿಂದ ಚಹಾ ಕಳಿಸಿದೆ, ಬೆಂಚು ಗಟ್ಟಿಯೆಂದು ಡಾಕ್ಟರಮ್ಮನ ಕೋಣೆಯ ಕುರ್ಚಿಯನ್ನೂ ಹಾಕಿಸಿದೆ. ನಿಜ ಹೇಳಬೇಕೆಂದರೆ ಅದು ಕರುಣೆಯಲ್ಲ. ತಪ್ಪು ಮಾಡಿದವನು ಕೊಡುವ ಲಂಚ.

ತಪ್ಪು ನನ್ನದು ಎಂದು ಹೇಳಲು ನಾಲಿಗೆ ಏಳಲಿಲ್ಲ. ಡಾಕ್ಟರಮ್ಮ ಕೇಳಿದಾಗಲೂ ಕಂಪನಿಯವರು ನೋಡುತ್ತಿದ್ದಾರೆ ಎಂದೆ. ಅವರಿಗೂ ರೋಗಿಗಳ ಗದ್ದಲ, ಸಿಕ್ಕ ಕೂಡಲೇ ತೋರಿಸಿ ಎಂದು ಮುಂದಕ್ಕೆ ಹೋದರು.

ಗುರುವಾರ ನನ್ನ ತಾಳ್ಮೆ ಪೂರ್ತಿ ತೀರಿತ್ತು. ಆ ಸಭ್ಯ ಮನುಷ್ಯ ಅಂದು ಟೇಪು ಪೆಟ್ಟಿಗೆಯೇ ಹಳೆಯದಾಯಿತು, ಬದಲಿಸಿ ಎಂದು ಹೇಳಿದ್ದ. ನಾನು ಫೋನು ಕುಕ್ಕಿ ಹೊರಗೆ ಬಂದರೆ ಎದುರಿಗೆ ಚಾಚಿ. ಅಂದು ಮೊದಲ ಸಲ ಎದ್ದು ನಿಂತು, "ಸರ, ಇವತ್ತರ ಸಿಕ್ಕೀತೇನ್ರಿ?" ಎಂದರು.

ಅವರ ಮುಖ ನೋಡದೆ, ಪಕ್ಕದ ಗೋಡೆಯ ಕ್ಯಾಲೆಂಡರು ನೋಡುತ್ತ ನಾನು ಹೇಳಿದೆ, "ಚಾಚಿ, ದಿನಾ ನೀವ ಯಾಕ ಬಸ್ಸಿನಾಗ ಬರ್ತೀರಿ. ನಾಳಿ ಮನ್ಯಾಗಿನವ್ರನ್ನ ಯಾರನ್ನರ ಕಳಸ್ರಿ. ಅವರ ಮುಂದ ಹೇಳ್ತೇನಿ."

ಅವರು ಆತ್ರಿ ಎಂದಷ್ಟೇ ಹೇಳಿ, ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗಿಟ್ಟುಕೊಂಡು ಹೊರಟರು. ಬಿಸಿಲಲ್ಲಿ ಒದ್ದಾಡುವುದು ತಪ್ಪಿಸಿದೆನಲ್ಲ ಎಂದು ನನಗೆ ಸಮಾಧಾನವಾಯಿತು. ಶುಕ್ರವಾರ ಅವರೂ ಬರಲಿಲ್ಲ, ಮನೆಯವರೂ ಬರಲಿಲ್ಲ. ಬೆಂಚು ಖಾಲಿ ಇದ್ದದ್ದು ಕಂಡು ಆ ದಿನ ನಾನು ಮುಂದಿನ ಬಾಗಿಲಿನಿಂದಲೇ ಓಡಾಡಿದೆ, ಅದೂ ಎದೆ ಉಬ್ಬಿಸಿಕೊಂಡು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಶನಿವಾರ ಬೆಳಿಗ್ಗೆ ಸಹಾಯವಾಣಿಯವನೇ ಫೋನು ಮಾಡಿದ. ಕೊನೆಯದಾಗಿ ಒಂದು ಸಣ್ಣ ವಿಷಯ ಎಂದ. ಹಳೆಯ ಆವೃತ್ತಿ ಟೇಪಿನ ಅಂಚಿಗೆ ಅಂಟಿಸಿದ ಕಪ್ಪುಗೆರೆಯ ಚೀಟಿಯನ್ನು ಓದಲಾಗದಿದ್ದರೆ, ಟೇಪನ್ನೇ ಬಾಯಿಗೆ ಹಾಕಿಕೊಂಡು ಒಳಗಿನ ಬರಹ ಓದಿ ಇದು ಇಂಥದ್ದು ಎಂದು ಗುರುತು ಹಿಡಿಯುತ್ತಿತ್ತಂತೆ. ಹೊಸದಕ್ಕೆ ಅಷ್ಟು ಪುರುಸೊತ್ತಿಲ್ಲ. ಚೀಟಿ ಓದಲು ಬರದಿದ್ದರೆ ಆ ಟೇಪು ಅದರ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೇ ನಾಲ್ಕನೆಯ ಟೇಪಿನ ಚೀಟಿಯ ಫೋಟೊ ತೆಗೆದು ಕಳಿಸಿ ಎಂದ.

ಪೆಟ್ಟಿಗೆಯ ಬಾಗಿಲು ತೆಗೆದು ಟೇಪುಗಳ ತಟ್ಟೆಯನ್ನು ಹೊರಗೆಳೆದೆ. ಅಂಚು ಬೆಳಕಿಗೆ ಬಂತು. ಏಳು ಟೇಪುಗಳ ಮೇಲೂ, ಸರಿಯಾಗಿ ಆ ಕಪ್ಪುಗೆರೆಯ ಚೀಟಿಯ ಮೇಲೆಯೇ, ಅಡ್ಡಕ್ಕೆ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮದ ಬೊಟ್ಟು.

ಹಚ್ಚಿದವನು ನಾನೇ. ದಸರೆಯ ಖಂಡೇ ಪೂಜೆಯ ದಿನ ನಮ್ಮಲ್ಲಿ ಮನೆಯ ಕುಡುಗೋಲಿನಿಂದ ಹಿಡಿದು ಬೈಕಿನವರೆಗೆ ಅನ್ನ ಕೊಡುವ ವಸ್ತುಗಳಿಗೆಲ್ಲ ಪೂಜೆ ಆಗಬೇಕು. ಕಾಕಾ ಎಕ್ಸ್-ರೇ ಯಂತ್ರಕ್ಕೆ ಮಾಡುತ್ತಾರೆ, ಡ್ರೈವರು ಆಂಬುಲೆನ್ಸಿಗೆ ಮಾಡುತ್ತಾನೆ. ನಾನು ಪ್ರತಿವರ್ಷ ಟೇಪುಗಳನ್ನು ಹೊರಗೆ ತೆಗೆದು, ಸಾಲಾಗಿ ಇಟ್ಟು, ನೀರಲ್ಲಿ ಕಲಸಿದ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು ಮತ್ತೆ ಒಳಗಿಡುತ್ತಿದ್ದೆ. ಹಚ್ಚಲು ಅನುಕೂಲವಾದ ಜಾಗ ಚೀಟಿಯಿದ್ದ ಆ ಅಂಚು ಮಾತ್ರ. ವರ್ಷದ ಮೇಲೆ ವರ್ಷ ಪದರ ಕೂತು ಸುಣ್ಣ ಬಳಿದಂತಾಗಿತ್ತು. ಹಳೆಯ ಆವೃತ್ತಿ ಅಷ್ಟು ವರ್ಷ ಮಾತಾಡದೆ ನನ್ನ ಭಕ್ತಿಯನ್ನು ಸಹಿಸಿಕೊಂಡಿತ್ತು. ಎಂಟನೆಯ ಟೇಪು ಪೂಜೆ ಮುಗಿದ ಮೇಲೆ ಬಂದದ್ದು, ಅದಕ್ಕೇ ಬದುಕಿತು.

ಫೋಟೊ ಕಳಿಸಿದೆ. ಅವನು, ಈ ಬಿಳಿಯದು ಏನು ಎಂದು ಕೇಳಿದ. ಧೂಳು ಎಂದೆ. ಧೂಳು ಸಮನಾಗಿ ಮೂರು ಗೆರೆ ಎಳೆದುಕೊಂಡು ಕೂರುತ್ತದೆಯೇ ಎಂದು ಅವನು ಕೇಳಲಿಲ್ಲ, ಸಭ್ಯ ಮನುಷ್ಯ. ಒರೆಸಿ ನೋಡಿ ಎಂದ. ಐದು ದಿನ ನೆಲ ಡೊಂಕು ಎಂದು ಕೂಗಾಡಿದವನಿಗೆ ಇದಕ್ಕಿಂತ ಹಗುರಾದ ಶಿಕ್ಷೆ ಸಿಗಲಾರದು. ನಾನು ಅವನಿಗೆ ಥ್ಯಾಂಕ್ಸ್ ಕೂಡ ಹೇಳದೆ ಫೋನಿಟ್ಟೆ.

ಡ್ರೆಸ್ಸಿಂಗ್ ಕೋಣೆಯಿಂದ ಹತ್ತಿ ತಂದು, ತೇವ ಮಾಡಿ, ಚೀಟಿಯ ಕಪ್ಪು ಅಳಿಸದಂತೆ ಒರೆಸುತ್ತ ಕೂತೆ. ಕುಂಕುಮ ಎಣ್ಣೆಯ ಜೊತೆ ಕೂತಿತ್ತು, ಬೇಗ ಬಿಡಲಿಲ್ಲ. ಕಾಕಾ ಬಂದು ನೋಡಿ, ಎಲ್ಲ ಅರ್ಥವಾಗಿ, ನಗುವುದಕ್ಕೂ ಹೋಗದೆ ಕಿವಿ ಹತ್ತಿರ ಬಗ್ಗಿ ಹೇಳಿದರು, "ಲೇ, ದೇವ್ರದೇನೂ ತಪ್ಪಿಲ್ಲ. ಹಚ್ಚಾಕ ಜಾಗಾ ನೋಡಬೇಕಿತ್ತು ನೀ."

ತಟ್ಟೆಯನ್ನು ಒಳಗೆ ತಳ್ಳಿ ಬಾಗಿಲು ಮುಚ್ಚಿದೆ. ಚೀಟಿ ಓದುವ ಕೆಂಪು ಬೆಳಕು ಒಂದೊಂದೇ ಮನೆಯ ಮುಂದೆ ನಿಂತು ಮುಂದಕ್ಕೆ ಹೋಯಿತು. ಪರದೆಯ ಮೇಲೆ ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಪರದೆಗೆ ಮೂಗು ತಾಗಿಸಿ ನಿಂತೆ. ಬಂತು. ತೆಗೆ ಎಂದೆ. ಹಸಿರು ಪಟ್ಟಿ ತೆವಳತೊಡಗಿತು. ಮೂವತ್ತೈದು ನಿಮಿಷ ತೋರಿಸಿತು. ಆ ಮೂವತ್ತೈದು ನಿಮಿಷ ಆಸ್ಪತ್ರೆಯ ಸುತ್ತ ಎಷ್ಟು ಸಲ ಸುತ್ತಿದೆನೋ, ಕಾವಲುಗಾರ ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿದ.

ಚಿತ್ರ ಬಂದಾಗ ಡಾಕ್ಟರಮ್ಮನ ಕೋಣೆಗೆ ಓಡಿದೆ. ಅವರು ಎರಡನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿದರು. ಅಳೆದರು. ಮತ್ತೆ ಅಳೆದರು. ನನಗಂತೂ ಎರಡೂ ಮೋಡದಂತೆ ಕಂಡವು, ಅವರ ಮುಖವನ್ನೇ ನೋಡುತ್ತ ನಿಂತಿದ್ದೆ.

"ಕೂದಲೆಳಿಯಷ್ಟೂ ಬದಲಾಗಿಲ್ರಿ" ಎಂದರು. "ಹಳೀ ಗಾಯದ ಕಲಿ. ಸೂಜಿ ಬ್ಯಾಡ, ಏನೂ ಬ್ಯಾಡ. ಅವರಿಗೆ ಫೋನ್ ಮಾಡ್ರಿ."

ಫೋನು ಪಕ್ಕದ ಮನೆಯವರದು, ಯಾರೂ ಎತ್ತಲಿಲ್ಲ. ಎರಡು ಸಲ ನೋಡಿದೆ, ಮೂರನೆಯ ಸಲಕ್ಕೆ ನನ್ನ ಕಾಲು ಬೈಕಿನ ಮೇಲಿತ್ತು. ಇಂಥ ಸುದ್ದಿಯನ್ನು ಕೈಯಲ್ಲಿ ಹಿಡಿದುಕೊಂಡು ಯಾರು ಕಾಯುತ್ತಾರೆ. ಎರೆಹೊಲಗಳ ನಡುವಿನ ರಸ್ತೆಯಲ್ಲಿ ಗಾಡಿ ಹಾರುತ್ತಿತ್ತು, ಹತ್ತಿ ಬಿಡಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಒಳ್ಳೆಯ ಸುದ್ದಿ ಒಯ್ಯುತ್ತಿದ್ದೇನೆ, ನನ್ನ ಪಾಪ ಅರ್ಧ ತೊಳೆದುಹೋಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೆ.

ನವಲಗುಂದದಲ್ಲಿ ಓಣಿ ಕೇಳುತ್ತ ಹೋಗಿ ಮನೆ ಹಿಡಿದೆ. ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯ ಅರ್ಧ ಜಾಗವನ್ನು ನಿಂತ ಮಗ್ಗವೊಂದು ಹಿಡಿದಿತ್ತು, ನೆಲದಿಂದ ತೊಲೆಯವರೆಗೆ. ಚಾಚಿ ಅದರ ಎದುರು ನೆಲದ ಮೇಲೆ ಕೂತು, ನೂಲು ತಟ್ಟುವ ಕಬ್ಬಿಣದ ಪಂಜಾವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ನನ್ನನ್ನು ಹೊಸ್ತಿಲಲ್ಲಿ ಕಂಡು ಎದ್ದೇಳಲಿಲ್ಲ.

"ಮಗನ ಮುಂದ ಹೇಳಾಕ ಬಂದೀಯೇನು ತಮ್ಮಾ?" ಎಂದರು. "ಅಂವ ಮನ್ಯಾಗಿಲ್ಲ, ಗಾಡಿ ತಗೊಂಡ ಹೋಗ್ಯಾನ. ನನ್ನ ಮುಂದನ ಹೇಳು. ನಾ ಅಳೂದಿಲ್ಲ."

ಆಗ ನನಗೆ ತಿಳಿಯಿತು. ನಮ್ಮ ಕಡೆ ಕೆಟ್ಟ ಸುದ್ದಿಯನ್ನು ರೋಗಿಯ ಕೈಗೆ ಕೊಡುವುದಿಲ್ಲ. ರಿಪೋರ್ಟು ಬಂದಿಲ್ಲ ಎನ್ನುತ್ತಾರೆ, ಮಷೀನು ಕೆಟ್ಟಿದೆ ಎನ್ನುತ್ತಾರೆ, ನಾಳೆ ಮನೆಯವರನ್ನು ಕಳಿಸಿ ಎನ್ನುತ್ತಾರೆ. ಅಷ್ಟರಲ್ಲಿ ಚಹಾ ಕುಡಿಸುತ್ತಾರೆ, ಕುರ್ಚಿ ಹಾಕುತ್ತಾರೆ, ಮುಖ ಕೊಟ್ಟು ಮಾತಾಡುವುದಿಲ್ಲ. ಹತ್ತು ವರ್ಷ ಅದೇ ಆಸ್ಪತ್ರೆಯಲ್ಲಿದ್ದು ಎಷ್ಟು ಜನರಿಗೆ ಹೀಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆನೋ. ಅದನ್ನೇ ಒಂದೂ ಬಿಡದೆ ಅವರಿಗೆ ಮಾಡಿದ್ದೆ. ಅವರ ಗಂಡ ತೀರಿಹೋಗುವ ಮೊದಲೂ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಂಡನಿಗೆ ಹೀಗೇ ಹೇಳಿದ್ದರಂತೆ. ಫೋಟೊ ಸಿಕ್ಕಿದೆ, ಕೆಟ್ಟದ್ದಿದೆ, ಇವರು ಹೇಳಲಾರದೆ ಒದ್ದಾಡುತ್ತಿದ್ದಾರೆ ಎಂದು ಬುಧವಾರವೇ ಅನುಮಾನ ಬಂದಿತ್ತು, ಗುರುವಾರ ಖಾತ್ರಿಯಾಯಿತು ಎಂದರು.

"ಇಲ್ರಿ ಚಾಚಿ" ಎಂದು ಬಾಗಿಲಲ್ಲೇ ಕೂತುಬಿಟ್ಟೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಕಲೆ ಹಳೆಯದು, ಬೆಳೆದಿಲ್ಲ, ಸೂಜಿಯೂ ಬೇಡ, ಹುಬ್ಬಳ್ಳಿಯೂ ಬೇಡ. ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತರು. ತುಟಿ ಅಲುಗಾಡುತ್ತಿದ್ದದ್ದು ಬಟ್ಟೆಯ ಮೇಲೆ ಕಾಣುತ್ತಿತ್ತು. ಇನ್ನೇನು ನಗುತ್ತಾರೆ ಎಂದು ಕಾದೆ.

ಮುಖ ತೆಗೆದಾಗ ಅವರು ನೋಡಿದ್ದು ನನ್ನನ್ನಲ್ಲ, ಮಗ್ಗವನ್ನು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಮೇಲಿನ ತೊಲೆಯಿಂದ ಬಿಳಿಯ ಹಾಸುನೂಲುಗಳು ಕತ್ತರಿಸಿ ಜೋತಾಡುತ್ತಿದ್ದವು, ಗಿಡ್ಡ ಉದ್ದ, ನೂರಾರು. ಗೋಡೆಗೆ ಒರಗಿಸಿಟ್ಟ ಅರ್ಧ ಜಮಖಾನದಲ್ಲಿ ಕೆಳಗಿನ ಸಾಲಿನ ಎರಡು ನವಿಲು ಪೂರ್ತಿಯಾಗಿದ್ದವು. ಮೇಲಿನ ಸಾಲಿನವುಗಳಿಗೆ ಕಾಲಷ್ಟೇ ಬಂದಿದ್ದವು.

"ನಿನ್ನಿ ಮುಂಜಾನಿ ಕೊಯ್ದೆ" ಎಂದರು.

ಎರಡು ತಿಂಗಳ ನೇಯ್ಗೆ. ಬಿಗಿದ ಹಾಸನ್ನು ಒಮ್ಮೆ ಕೊಯ್ದರೆ ಮತ್ತೆ ಕೂಡಿಸಲು ಬರುವುದಿಲ್ಲ. ಅವರ ಅತ್ತೆ ಅವರಿಗೆ ಕಲಿಸಿದ ನವಿಲು ಅದು. ಈ ಕಸುಬನ್ನು ಮಗಳಿಗೆ ಕಲಿಸುವ ಪದ್ಧತಿ ಆ ಮನೆಗಳಲ್ಲಿಲ್ಲ, ಮಗಳು ಇನ್ನೊಬ್ಬರ ಮನೆಗೆ ಹೋಗುವವಳೆಂದು; ಕಲಿಸಬೇಕಾದದ್ದು ಸೊಸೆಗೆ, ಸೊಸೆ ಇನ್ನೂ ಬಂದಿರಲಿಲ್ಲ. ಅರ್ಧಕ್ಕೆ ಬಿಟ್ಟರೆ ಮುಗಿಸುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ಹಾಸಿಗೆ ಹಿಡಿದರೆ ಮಲಗಲು, ನೋಡಲು ಬರುವ ಜನ ಕೂರಲು ಜಾಗ ಬೇಕು, ಇರುವುದು ಇದೊಂದೇ ಕೋಣೆ. ಭಾನುವಾರ ಬಡಿಗ ಬಂದು ಮಗ್ಗ ಬಿಚ್ಚುವವನಿದ್ದ. ಇದನ್ನೆಲ್ಲ ಅವರು ಸಂತೆಯ ವಿಷಯ ಹೇಳಿದಂತೆ ಹೇಳಿದರು.

ನನಗೆ ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಐದು ದಿನ ಹಿಡಿದಿಟ್ಟ ಮಾತು ಆಗ ಬಾಯಿಗೆ ಬಂತು.

"ಮಷೀನ್ ಖರೇನ ಕೆಟ್ಟಿತ್ರಿ ಚಾಚಿ. ಕೆಡಸಿದಾಂವ ನಾನ." ವಿಭೂತಿ ಹಚ್ಚಿದ್ದು, ತೆಗೆದು ನೋಡದೆ ಬಿಟ್ಟಿದ್ದು, ಕಂಪನಿಯ ಮೇಲೆ ಹಾಕಿದ್ದು, ಹಿಂದಿನ ಬಾಗಿಲಿನಿಂದ ಓಡಾಡಿದ್ದು, ಎಲ್ಲ ಹೇಳಿದೆ. ನಾಚಿಕೆ ಬಂದು ಹೇಳಲಿಲ್ಲ ಎಂದೂ ಹೇಳಿದೆ.

ಚಾಚಿ ಪಂಜಾಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚತೊಡಗಿದರು. ಪೂರ್ತಿ ಬಿಚ್ಚಿ, ಅದನ್ನು ಮೊಣಕಾಲ ಹತ್ತಿರ ಇಟ್ಟುಕೊಂಡರು.

"ಇಷ್ಟ ಮಾತ ಅವತ್ತ ಹೇಳಿದ್ದಿ ಅಂದ್ರ," ಎಂದರು, "ನಾ ನಿನಗ ನಾಕ ಬೈದು, ಮನಿಗೆ ಬಂದು ನೇಯ್ಕೋತ ಕುಂದರ್ತಿದ್ದೆ."

ಈಗಲಾದರೂ ಆ ನಾಲ್ಕು ಬೈಗುಳ ಬೀಳುತ್ತವೆ ಎಂದು ತಲೆ ತಗ್ಗಿಸಿ ಕೂತೆ. ಅವರು ಬೈಯಲಿಲ್ಲ. ಜೋತಾಡುತ್ತಿದ್ದ ನೂಲುಗಳನ್ನು ಕೈಯಿಂದ ಆಚೆ ಸರಿಸಿ, ನನಗೆ ಚಹಾಕ್ಕೆ ನೀರಿಡಲು ಒಳಗೆ ಹೋದರು.